ಗ್ರೀಕ್ ವೀರರೂ ನಮ್ಮ ಗಜಕಡ್ಡಿಯೂ

ಕಳೆದ ತಿಂಗಳು ದಾವಣಗೆರೆಯಲ್ಲಿ ನಡೆದ ಒಂದು ಸಾಹಿತ್ಯಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಗ್ರೀಕರ ಮಹಾಕಾವ್ಯಗಳನ್ನು ಕುರಿತು ಒಂದು ಗಂಟೆಯ ಕಾಲ ಉಪನ್ಯಾಸ ಮಾಡಿದರು. ಅವರ ವಾಗ್ಮಿತೆ ಮೆಚ್ಚತಕ್ಕದ್ದು, ಧ್ವನಿಯೂ ಗಂಭೀರವಾದುದು. ಸಭೆಯಲ್ಲಿ ಎರಡು ಸಲ ದೊಡ್ಡ ಕರತಾಡನವಾಯಿತು. ಆ ಎರಡು ಸಲವೂ ಕೈ ತಟ್ಟದೆ ಕುಳಿತಿದ್ದವರಲ್ಲಿ ನಾನೊಬ್ಬನು. ಏಕೆ ತಟ್ಟಲಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿರುವೆನು. ಸಭೆಯಲ್ಲಿಯೇ ಹೇಳಬಾರದಾಗಿತ್ತೆ ಎಂದರೆ, ವಂದನಾರ್ಪಣೆಯ ಹೊತ್ತಿನಲ್ಲಿ ಶಬ್ದಾರ್ಥದ ಜಗಳವನ್ನೆತ್ತುವುದು ಸಭಾಮರ್ಯಾದೆಯಲ್ಲ. ಮೇಲಾಗಿ ಹರಿಹರದ ಕಡೆಯ ಬಸ್ಸಿನ ಚಿಂತೆಯೂ ನನಗಿತ್ತು.

ಮೊದಲನೆಯ ಕರತಾಡನವಾದುದು ಈ ಮಾತಿಗೆ: "ಗ್ರೀಕರು ಹೀರೋ ಎನ್ನುವುದೂ ನಾವು ವೀರ ಎನ್ನುವುದೂ ಒಂದೇ. ಇಂಥ ವೀರನೆನ್ನಿಸಿಕೊಂಡ ಅಕಿಲೀಸನು ಒಬ್ಬ ದಾಸಿಗಾಗಿ ಮುನಿದು ಬಿಡಾರದಲ್ಲಿ ಕುಳಿತನು; ಕಡಲ ತಡಿಯಲ್ಲಿ ತಾಯಿಯನ್ನು ಕರೆದು ಅತ್ತನು; ಸತ್ತ ಶತ್ರುವಿನ ಹೆಣವನ್ನು ರಥಕ್ಕೆ ಕಟ್ಟಿ ಎಳೆದನು. ನಮ್ಮ ಶ್ರೀರಾಮನೆಲ್ಲಿ, ಈತನೆಲ್ಲಿ?" ಎರಡನೆಯದು ಈ ಮಾತಿಗೆ: "ಗ್ರೀಕ್ ನಾಯಕನು ತನ್ನೊಳಗಿನ ಒಂದು ದೋಷದಿಂದಲೇ ಕೆಡುವನು. ಆ ದೋಷವನ್ನು ಹುಡುಕಿ ತೆಗೆಯುವುದೇ ವಿಮರ್ಶೆ. ನಮ್ಮ ಕರ್ಣ, ದುರ್ಯೋಧನ, ರಾವಣರಿಗೂ ಈ ಅಳತೆಯನ್ನು ಹಿಡಿಯಬೇಕು."

ವಾಚಕರು ಇಲ್ಲಿರುವ ವಿಚಿತ್ರವನ್ನು ಗಮನಿಸಬೇಕು. ಮೊದಲನೆಯ ಮಾತಿನಲ್ಲಿ ನಮ್ಮ ಶಬ್ದದಿಂದ ಗ್ರೀಕರನ್ನು ಅಳೆದರು. ಎರಡನೆಯದರಲ್ಲಿ ಗ್ರೀಕರದೆಂದು ಭಾವಿಸಿದ ಶಬ್ದದಿಂದ ನಮ್ಮವರನ್ನು ಅಳೆದರು. ಎರಡು ಕಡೆಯೂ ಗಜಕಡ್ಡಿಯೇ ಸುಳ್ಳು. ಜವಳಿಯ ವ್ಯಾಪಾರದಿಂದ ಹೆಸರಾದ ಊರಿನಲ್ಲಿ ನಿಂತು ಇಂಥ ಗಜಕಡ್ಡಿಯನ್ನು ಹಿಡಿದರೆ ಯಾರೂ ಕೇಳಲಿಲ್ಲವಲ್ಲಾ ಎಂಬುದೇ ನನ್ನ ಸೋಜಿಗ.

ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದವನಿಗೆ ಹೋಮರನ ಗೊಡವೆ ಏಕೆ ಎಂದು ಕೇಳುವವರು ಇರುವರೆಂದು ಬಲ್ಲೆನು. ಅಮರವನ್ನು ಉರುಹೊಡೆದದ್ದರಿಂದಲೇ ಈ ಗೊಡವೆ. ಶಬ್ದದ ಅರ್ಥವನ್ನು ಪ್ರಯೋಗದಿಂದ ತಿಳಿಯಬೇಕು, ರೂಢಾರ್ಥವು ವ್ಯುತ್ಪತ್ತಿಯ ಅರ್ಥವನ್ನು ಅಪಹರಿಸುವುದು, ಗ್ರಂಥದ ತಾತ್ಪರ್ಯವನ್ನು ಉಪಕ್ರಮೋಪಸಂಹಾರಗಳಿಂದ ನಿರ್ಣಯಿಸಬೇಕು ಎಂದು ನಮ್ಮ ಗುರುಗಳು ಬೆತ್ತ ಹಿಡಿದು ಕಲಿಸಿದರು. ಈ ನ್ಯಾಯವು ಸಂಸ್ಕೃತ ಗ್ರಂಥಗಳಿಗೆ ಮಾತ್ರ, ಸಮುದ್ರದಾಚೆಯ ಗ್ರಂಥಗಳಿಗಲ್ಲ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ನಿವೃತ್ತಿಯಾದ ಮೇಲೆ ದೊರೆತ ಬಿಡುವಿನಲ್ಲಿ ಗ್ರೀಕ್ ಅಕ್ಷರಗಳನ್ನು ಕಲಿತು, ಲಿಡೆಲ್ ಮತ್ತು ಸ್ಕಾಟರ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷ್ ಅನುವಾದಗಳೊಡನೆ ಮೂಲದ ಪದಗಳನ್ನು ತಾಳೆ ನೋಡುತ್ತ ಬಂದಿರುವೆನು. ಇಷ್ಟು ಮಾಡಿದರೆ ಸಾಕು. ಉಪನ್ಯಾಸಕಾರರ ಎರಡು ವಾಕ್ಯಗಳೂ ನಿಲ್ಲುವುದಿಲ್ಲ.

'ಹೀರೋಸ್' ಎಂಬ ಪದವನ್ನೇ ಮೊದಲು ತೆಗೆದುಕೊಳ್ಳೋಣ. ಇಲಿಯಡ್ಡಿನ ಎರಡನೆಯ ಸರ್ಗದಲ್ಲಿ ಅಗಮೆಮ್ನಾನನು ನೆರೆದ ಸೈನ್ಯವನ್ನೆಲ್ಲ 'ಹೀರೋಗಳಿರಾ' ಎಂದೇ ಸಂಬೋಧಿಸುವನು. ಆ ಸಾವಿರಾರು ಮಂದಿಯಲ್ಲಿ ಪ್ರತಿಯೊಬ್ಬನೂ ಮಹಾವೀರನೆ? ಆ ಮಾತು ಮುಗಿಯುತ್ತಲೇ ಅವರೆಲ್ಲರೂ ಮನೆಗೆ ಹೋಗುವ ಆಸೆಯಿಂದ ಹಡಗುಗಳ ಕಡೆಗೆ ಓಡುವರು! ಒಡಿಸ್ಸಿಯ ಎಂಟನೆಯ ಸರ್ಗದಲ್ಲಿ ಡೆಮೊಡೊಕಸ್ ಎಂಬ ಕುರುಡು ಗಾಯಕನಿಗೆ ಒಡಿಸ್ಯೂಸನು ತನ್ನ ಪಾಲಿನ ಮಾಂಸದಲ್ಲಿ ಒಳ್ಳೆಯ ತುಂಡೊಂದನ್ನು ಕೊಯ್ದು ಕಳುಹಿಸುವನು. ಅದನ್ನು ಸೇವಕನು 'ಹೀರೋ ಡೆಮೊಡೊಕಸನ' ಕೈಯಲ್ಲಿಟ್ಟನೆಂದು ಕವಿಯ ಮಾತು. ಹದಿನೆಂಟನೆಯ ಸರ್ಗದಲ್ಲಿ ಅತಿಥಿಗಳಿಗೆ ದ್ರಾಕ್ಷಾರಸವನ್ನು ಕಲಸಿ ಹಂಚುವ ಮೂಲಿಯಸ್ ಎಂಬ ಸಾರುವವನೊಬ್ಬನು ಬರುವನು, ಅವನೂ 'ಹೀರೋ'. ಕುರುಡನಾದ ಹಾಡುಗಾರನೂ ಪಾನಕ ಹಂಚುವವನೂ ಹೀರೋಗಳಾದ ಮೇಲೆ ಆ ಶಬ್ದಕ್ಕೆ 'ಧೀರೋದಾತ್ತಗುಣಸಂಪನ್ನ' ಎಂಬರ್ಥ ಹೇಗೆ ಹೊಂದೀತು? ಹೋಮರನಲ್ಲಿ ಅದು ಆ ಹಳೆಯ ಯುಗದ ಮಾನ್ಯ ಪುರುಷನನ್ನು ಹೇಳುವ ಮಾತು. ಹೊಗಳಿಕೆ ಅದರಲ್ಲಿ ಸ್ವಲ್ಪವೇ, ಕಾಲದ ದೂರ ಬಹಳ. ಹೆಸಿಯಡ್ ಕವಿಯು ಚಿನ್ನ, ಬೆಳ್ಳಿ, ಕಂಚು, ಕಬ್ಬಿಣವೆಂದು ಲೋಹಗಳ ಹೆಸರಿನಿಂದ ಮನುಷ್ಯರ ತಲೆಮಾರುಗಳನ್ನೆಣಿಸುತ್ತ, ಕಂಚಿಗೂ ಕಬ್ಬಿಣಕ್ಕೂ ನಡುವೆ ಲೋಹವಲ್ಲದ ಒಂದು ತಲೆಮಾರನ್ನು ತಂದಿಡುವನು. ಅದೇ ಥೀಬ್ಸಿನಲ್ಲಿಯೂ ಟ್ರಾಯಿಯಲ್ಲಿಯೂ ಕಾದಿ ಮಡಿದ ಹೀರೋಗಳ ತಲೆಮಾರು. ನಮ್ಮ ದ್ವಾಪರದ ಕೊನೆಯನ್ನು ನೆನೆದರೆ ಇದರ ಭಾವ ಸುಲಭವಾಗಿ ತಿಳಿಯುವುದು.

ಆದರೆ ಆ ಶಬ್ದಕ್ಕೆ ಇನ್ನೊಂದು ಮುಖವುಂಟು. ಉಪನ್ಯಾಸಕಾರರು ಅದರ ಹೆಸರನ್ನೇ ಎತ್ತಲಿಲ್ಲ. ಗ್ರೀಸಿನ ಊರೂರುಗಳಲ್ಲಿ 'ಹೀರೋಸ್' ಎಂದರೆ ಸತ್ತು ಸಮಾಧಿಯಲ್ಲಿದ್ದು ಪೂಜೆಗೊಳ್ಳುವ ಶಕ್ತಿಶಾಲಿಯಾದ ಪುರುಷ. ಅವನ ಸಮಾಧಿಯ ಬಳಿ ಬಲಿಯನ್ನು ಕೊಡುವರು; ಒಲಿದರೆ ಊರನ್ನು ಕಾಯುವನು, ಮುನಿದರೆ ಕೇಡನ್ನು ತರುವನು. ಅವನು ಬದುಕಿದ್ದಾಗ ಸದ್ಗುಣಿಯಾಗಿದ್ದನೇ ಎಂದು ಯಾರೂ ಕೇಳರು. ಅಯಾಸನು ಉನ್ಮಾದದಿಂದ ದನಕರುಗಳನ್ನು ಕೊಂದು, ನಾಚಿ, ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತವನು. ಆದರೂ ಅಥೆನ್ಸಿನ ಹತ್ತು ಪಂಗಡಗಳಲ್ಲೊಂದಕ್ಕೆ ಅವನ ಹೆಸರನ್ನೇ ಇಟ್ಟು ಪೂಜಿಸಿದರು. ಇದು ನಮಗೆ ಹೊಸದೆ? ನಮ್ಮ ಸೀಮೆಯ ಯಾವ ಹಳ್ಳಿಯ ಹೊರಗಾದರೂ ಹೋಗಿ ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಸನ್ನಿಧಿ. ಆ ಕಲ್ಲಿಗೆ ಇಂದಿಗೂ ಎಣ್ಣೆ ಕುಂಕುಮ ಹಚ್ಚುವವರುಂಟು. ಅದರ ಮೇಲಿನ ಶಾಸನವನ್ನು ಓದಿದರೆ ಅನೇಕ ಕಡೆ ತಿಳಿಯುವುದೇನು? ತುರುಗೋಳಿನಲ್ಲಿ, ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವಾಗ, ಅಡ್ಡಬಂದು ಸತ್ತನೆಂದು. ಅವನು ದಾನವೀರನೆಂದಾಗಲಿ ಧರ್ಮವೀರನೆಂದಾಗಲಿ ಕಲ್ಲು ಹೇಳುವುದಿಲ್ಲ. ಇಲಿಯಡ್ಡಿನಲ್ಲಿಯೂ ಹಾಗೆಯೇ. ಅಕಿಲೀಸನು ಮೊದಲನೆಯ ಸರ್ಗದಲ್ಲಿಯೇ, ಟ್ರಾಯಿಯವರು ನನ್ನ ದನಗಳನ್ನಾಗಲಿ ಕುದುರೆಗಳನ್ನಾಗಲಿ ಹೊಡೆದವರಲ್ಲ, ಅವರ ಮೇಲೆ ನನಗೇನು ಹಗೆ ಎಂದು ಕೇಳುವನು. ಮುದುಕನಾದ ನೆಸ್ಟರನು ತನ್ನ ಯೌವನದ ತುರುಗೋಳಿನ ಕಥೆಯನ್ನು ಹನ್ನೊಂದನೆಯ ಸರ್ಗದಲ್ಲಿ ಸುದೀರ್ಘವಾಗಿ ಹೇಳುವನು. ನಮ್ಮ ವೀರಗಲ್ಲಿನ 'ವೀರ'ನು ಆ ಹೀರೋಗಳಿಗೆ ಒಡಹುಟ್ಟಿದವನಂತೆಯೇ ಇರುವನು. ಆದರೆ ಉಪನ್ಯಾಸಕಾರರು ತಂದದ್ದು ವೀರಗಲ್ಲಿನ ವೀರನನ್ನಲ್ಲ, ಅಲಂಕಾರಶಾಸ್ತ್ರದ ವೀರನನ್ನು!

'ವೀರ'ನೇನು ಸಾಮಾನ್ಯನೆ? ವೇದದಲ್ಲಿ ಆ ಶಬ್ದಕ್ಕೆ ಗಂಡಸು, ಮಗ, ಕಾದುವವನು ಎಂದು ಅರ್ಥ. ಅಲಂಕಾರಶಾಸ್ತ್ರದಲ್ಲಿ ದಾನ, ಧರ್ಮ, ಯುದ್ಧಗಳ ಭೇದದಿಂದ ಬೇರೆ ಬೇರೆಯಾದನು. ವೀರಶೈವ ಎನ್ನುವಲ್ಲಿ ನಿಷ್ಠೆಯಲ್ಲಿ ದೃಢನಾದವನು, ಕತ್ತಿಯನ್ನು ಹಿಡಿದವನಲ್ಲ. 'ನಾಯಕ' ಎಂಬುದೂ ಹಾಗೆಯೇ: ದಶರೂಪಕವನ್ನು ಓದಿದವನಿಗೆ ನಾಲ್ಕು ವಿಧದ ನಾಯಕರು ಕಣ್ಣಿಗೆ ಬಂದರೆ, ಸಂತೇಬೆನ್ನೂರು, ಚಿತ್ರದುರ್ಗಗಳ ಕಡೆಯ ರೈತನಿಗೆ ಪಾಳೆಯಗಾರರು ಬರುವರು. ಇಂಗ್ಲಿಷರ 'ಹೀರೋ' ಕೂಡ ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ 'ಕಥೆಯ ಮುಖ್ಯ ಪಾತ್ರ' ಎಂಬ ಅರ್ಥಕ್ಕೆ ಇಳಿದಿತ್ತು. ಈ ಮೂರು ನಾಡುಗಳ ಇಷ್ಟು ಅರ್ಥಗಳನ್ನು ಒಂದೇ ಗೋಣಿಯಲ್ಲಿ ತುಂಬಿ, ಬಾಯಿ ಹೊಲಿದು, 'ಒಂದೇ' ಎಂದರೆ ಆಯಿತೆ? ಹರಿಹರೇಶ್ವರನ ಗರ್ಭಗುಡಿಯ ಮುಂದೆ ನಿಂತು ಬಲಭಾಗವನ್ನು ಮಾತ್ರ ನೋಡಿ ಹರನೆಂದು ಕೈಮುಗಿದು ಬಂದವನ ಭಕ್ತಿಗೆ ನಾನು ಕೊರತೆ ಹೇಳೆನು. ಆದರೆ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಗುಡಿಯನ್ನು ಕಟ್ಟಿಸಿದ್ದು ಆ ಒಂದು ಪಾರ್ಶ್ವಕ್ಕಾಗಿ ಅಲ್ಲ.

ಇನ್ನು ದಾಸಿಗಾಗಿ ಮುನಿದನೆಂಬ ಆಕ್ಷೇಪ. ಬ್ರಿಸೇಯಿಸಳನ್ನು ಕಾವ್ಯವು 'ಗೆರಸ್' ಎಂದು ಕರೆಯುವುದು: ಸೈನ್ಯವೆಲ್ಲ ನೆರೆದು ಒಬ್ಬನ ಶೌರ್ಯಕ್ಕೆಂದು ಎತ್ತಿಕೊಟ್ಟ ಮಾನದ ಪಾಲು. ಅದನ್ನು ದೊರೆಯು ಎಲ್ಲರೆದುರಿಗೆ ಕಿತ್ತುಕೊಂಡನು. ನಮ್ಮ ಜಾತ್ರೆಗಳಲ್ಲಿ ಮೊದಲ ವೀಳ್ಯ ಯಾರಿಗೆ ಸಲ್ಲಬೇಕೆಂದು ಮನೆತನಗಳು ನ್ಯಾಯಸ್ಥಾನದವರೆಗೆ ಹೋಗಿಲ್ಲವೆ? ಆ ಜಗಳವು ಎರಡು ಎಲೆ, ಒಂದು ಅಡಕೆಗಾಗಿ ಎಂದು ಯಾವನಾದರೂ ನಕ್ಕರೆ ಅವನಿಗೆ ಊರೇ ಗೊತ್ತಿಲ್ಲವೆನ್ನುವೆವು. ರಾಜಸೂಯದ ಅಗ್ರಪೂಜೆಯ ವಿಷಯದಲ್ಲಿ ಶಿಶುಪಾಲನ ತಲೆಯೇ ಹೋಯಿತು. ಹಾಗೆಂದು ಹೆಣ್ಣೊಬ್ಬಳನ್ನು ವೀಳ್ಯದಂತೆ ಹಂಚಿದ ಆ ಕಾಲದ ನಡತೆಯನ್ನು ನಾನು ಮೆಚ್ಚಿದೆನೆಂದು ತಿಳಿಯಬಾರದು. ಹೋಮರನೂ ಅವಳನ್ನು ಮರೆತವನಲ್ಲ. ಹತ್ತೊಂಬತ್ತನೆಯ ಸರ್ಗದಲ್ಲಿ ಪೇಟ್ರೋಕ್ಲಸನ ಶವದ ಮುಂದೆ ಅವಳ ಪ್ರಲಾಪವನ್ನು ಅವಳ ಬಾಯಿಂದಲೇ ಕೇಳಿಸಿರುವನು. ತನ್ನ ಗಂಡನೂ ಮೂವರು ಸಹೋದರರೂ ಒಂದೇ ಯುದ್ಧದಲ್ಲಿ ಮಡಿದುದನ್ನು ಅವಳು ಅಲ್ಲಿ ಹೇಳುವಳು. ಅದನ್ನು ಓದಿದವನು 'ಒಬ್ಬ ದಾಸಿ' ಎಂದು ಸಭೆಯಲ್ಲಿ ನಗಿಸಲಾರನು.

ಅಕಿಲೀಸನು ಅತ್ತನಂತೆ! ಸೀತೆಯನ್ನು ಕಳೆದುಕೊಂಡ ರಾಮನು ಗಿಡಮರಗಳನ್ನು ಕೇಳುತ್ತ ಅತ್ತುದನ್ನು ವಾಲ್ಮೀಕಿಯು ಮುಚ್ಚಿಟ್ಟಿರುವನೆ? ಇದಕ್ಕೆ ಹೆಚ್ಚು ಮಾತು ಬೇಡ.

ಶವವನ್ನು ಎಳೆದದ್ದು ಮಾತ್ರ ಘೋರವಾದ ಕೃತ್ಯವೇ ಸರಿ. ಉಪನ್ಯಾಸಕಾರರ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದೊಂದೇ. ಇದನ್ನು ಕಾವ್ಯವೇ ಅವರಿಗಿಂತ ಮೊದಲು ಹೇಳಿರುವುದು. ಕೊನೆಯ ಸರ್ಗದಲ್ಲಿ ಅಪೋಲೋ ದೇವನು, ಈತನು ಕನಿಕರವನ್ನು ಕೊಂದುಕೊಂಡನು, ಈತನಲ್ಲಿ ಲಜ್ಜೆಯಿಲ್ಲ ಎಂದು ದೇವಸಭೆಯಲ್ಲಿ ದೂರುವನು; ಶವವನ್ನು ಬಿಟ್ಟುಕೊಡಬೇಕೆಂದು ದೇವತೆಗಳಿಂದಲೇ ಆಜ್ಞೆಯಾಗುವುದು. ಇಲ್ಲಿ ನಮ್ಮ ಗುರುಗಳ ಉಪಕ್ರಮೋಪಸಂಹಾರಗಳ ನ್ಯಾಯವನ್ನು ಹಿಡಿಯೋಣ. ಇಲಿಯಡ್ಡಿನ ಮೊಟ್ಟಮೊದಲ ಶಬ್ದ 'ಮೀನಿಸ್'. ಅದಕ್ಕೆ ಕೋಪವೆಂದು ಎಲ್ಲರೂ ಬರೆಯುವರು. ಆದರೆ ಸಾಮಾನ್ಯವಾದ ಸಿಟ್ಟಿಗೆ ಹೋಮರನಲ್ಲಿ ಬೇರೆ ಶಬ್ದಗಳುಂಟು. 'ಮೀನಿಸ್' ಎಂಬುದನ್ನು ದೇವತೆಗಳ ಕೋಪಕ್ಕೆ ಮೀಸಲಿಟ್ಟು, ಮನುಷ್ಯರಲ್ಲಿ ಅಕಿಲೀಸನಿಗೆ ಕೊಟ್ಟಿರುವನು. ನಮಗೆ ಇದಕ್ಕೆ ಶಬ್ದವಿಲ್ಲವೆ? ನಮ್ಮ ಗುಡಿಗಳಲ್ಲಿ ದಿನವೂ ಹೇಳುವ ಶತರುದ್ರೀಯದ ಆರಂಭದಲ್ಲಿ ನಮಸ್ಕಾರವು ಸಲ್ಲುವುದು ರುದ್ರನ ಮನ್ಯುವಿಗೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಮನ್ಯುವನ್ನೇ ದೇವತೆಯಾಗಿ ಸ್ತುತಿಸುವ ಎರಡು ಸೂಕ್ತಗಳಿರುವುವು. ಮೀನಿಸ್, ಮನ್ಯು ಎಂಬೆರಡು ಶಬ್ದಗಳಿಗೆ ನಂಟು ಕಟ್ಟಲು ನಾನು ಹೊರಟಿಲ್ಲ. ಪ್ರಯೋಗದ ಎತ್ತರವು ಒಂದೇ ಎನ್ನುವೆನು. ಮನುಷ್ಯನೊಬ್ಬನಲ್ಲಿ ರುದ್ರನ ಮನ್ಯು ಹೊಕ್ಕರೆ ಏನಾಗುವುದೆಂಬುದು ಉಪಕ್ರಮ. ಉಪಸಂಹಾರವೇನು? ಮಗನನ್ನು ಕೊಂದವನ ಕೈಗಳಿಗೆ ಮುದಿತಂದೆ ಪ್ರಿಯಾಮನು ಮುತ್ತಿಡುವನು. ತನ್ನ ತಂದೆಯನ್ನು ನೆನೆದು ಅಕಿಲೀಸನೂ, ಮಗನನ್ನು ನೆನೆದು ಪ್ರಿಯಾಮನೂ ಒಟ್ಟಿಗೆ ಅಳುವರು. ಶವವು ಮನೆಗೆ ಹೋಗುವುದು. ಕಾವ್ಯವು ಶತ್ರುವಾದ ಹೆಕ್ಟರನ ಉತ್ತರಕ್ರಿಯೆಯೊಡನೆ ಮುಗಿಯುವುದು. ಗೆದ್ದವನ ಪಟ್ಟಾಭಿಷೇಕದೊಡನೆಯಲ್ಲ. ಇಂಥ ಕಾವ್ಯವನ್ನು ಒಬ್ಬ ಮುಂಗೋಪಿಯ ಕಥೆಯೆನ್ನುವವರು ಅದರ ಮೊದಲನೆಯ ಶಬ್ದವನ್ನೂ ಓದಲಿಲ್ಲ, ಕೊನೆಯ ಪುಟವನ್ನೂ ಮುಟ್ಟಲಿಲ್ಲ.

ಕೀರ್ತಿಯ ವಿಷಯದಲ್ಲಿ ಒಂದೇ ಮಾತು. ಒಂಬತ್ತನೆಯ ಸರ್ಗದಲ್ಲಿ ಅಕಿಲೀಸನು ಇಲ್ಲಿಯೇ ನಿಂತರೆ ತನಗೆ ಸಾವೂ ಅಳಿಯದ 'ಕ್ಲೆಯೊಸ್' ಕೂಡ ಬರುವುವೆನ್ನುವನು. ಈ ಶಬ್ದವೂ ನಮ್ಮ 'ಶ್ರವಸ್' ಎಂಬುದೂ ಒಂದೇ ಬೇರಿನವು, ಕಿವಿಗೆ ಬೀಳುವ ಹೆಸರು ಎಂದರ್ಥ. 'ಅಕ್ಷಿತ ಶ್ರವಸ್' ಎಂಬ ವೇದದ ಜೋಡಿಯೂ ಹೋಮರನ ಜೋಡಿಯೂ ಒಂದೇ ಎಂದು ಜರ್ಮನಿಯ ಆಡಾಲ್ಬರ್ಟ್ ಕೂನ್ ಎಂಬವರು 1853ರಲ್ಲಿಯೇ ತೋರಿಸಿದರು. ನಂಟು ನಿಜವಾಗಿ ಇರುವಲ್ಲಿ ನಮ್ಮ ಉಪನ್ಯಾಸಕಾರರು ಸುಮ್ಮನೆ ದಾಟಿಹೋದರು. ಇಲ್ಲದಲ್ಲಿ ಬೀಗತನ ಮಾಡಿದರು.

ಈಗ ಎರಡನೆಯ ಕರತಾಡನಕ್ಕೆ ಬರುವೆನು. ನನಗೆ ಹೆಚ್ಚು ನೋವಾದುದು ಇದರಿಂದಲೇ. ನಮ್ಮ ಬೀದಿಯ ಹುಡುಗಿಯೊಬ್ಬಳು ಪದವಿ ತರಗತಿಯಲ್ಲಿ ಓದುತ್ತಿರುವಳು. ಸಂಜೆಯ ಹೊತ್ತು ಹಳಗನ್ನಡದ ಪದ್ಯಗಳ ಅನ್ವಯಕ್ಕಾಗಿ ನನ್ನಲ್ಲಿಗೆ ಬರುವಳು. ಅವಳ ಟಿಪ್ಪಣಿಯ ಪುಸ್ತಕದಲ್ಲಿ, ತರಗತಿಯಲ್ಲಿ ಬರೆಯಿಸಿದ ಸಾಲೊಂದನ್ನು ಕಂಡೆನು: ಕರ್ಣನ ದುರಂತದೋಷ, ದಾನಶೀಲತೆ. ನಾನು ಕನ್ನಡಕವನ್ನು ಒರಸಿಕೊಂಡು ಮತ್ತೆ ಓದಿದೆನು. ದಾನಶೀಲತೆಯು ದೋಷವೆ? ಕವಚಕುಂಡಲಗಳನ್ನು ಕೊಟ್ಟವನ ಕೈಯನ್ನು ಹಿಡಿದು, ಇದು ನಿನ್ನ ರೋಗವೆಂದು ಹೇಳುವ ವಿಮರ್ಶೆ ಎಲ್ಲಿಂದ ಬಂತು?

ಬಂದದ್ದು ಅರಿಸ್ಟಾಟಲನ 'ಹಮಾರ್ತಿಯ' ಎಂಬ ಶಬ್ದಕ್ಕೆ ದೋಷವೆಂದು ಬರೆದುದರಿಂದ. ಕಾವ್ಯಮೀಮಾಂಸೆಯ ಹದಿಮೂರನೆಯ ಅಧ್ಯಾಯದಲ್ಲಿ ಆ ಮಹನೀಯನು, ತೀರ ಸದ್ಗುಣಿಯೂ ಅಲ್ಲದ, ದುಷ್ಟನೂ ಅಲ್ಲದ ಒಬ್ಬನು ದುಷ್ಟತನದಿಂದಲ್ಲದೆ ಒಂದು ಹಮಾರ್ತಿಯದಿಂದ ಕೆಡುವನೆಂದು ಹೇಳಿರುವನು. 'ದುಷ್ಟತನದಿಂದಲ್ಲದೆ' ಎಂದು ಅವನೇ ಬೇಲಿ ಹಾಕಿರುವಾಗ, ಶೀಲದಲ್ಲಿ ಕೊಳೆಯನ್ನು ಹುಡುಕಲು ಇವರಿಗೆ ಅಪ್ಪಣೆ ಕೊಟ್ಟವರಾರು? ಆ ಶಬ್ದದ ಧಾತುವನ್ನು ಹೋಮರನಲ್ಲಿ ನೋಡಿರಿ. ಇಲಿಯಡ್ಡಿನ ಯುದ್ಧದಲ್ಲಿ ಒಬ್ಬನು ಈಟಿಯನ್ನು ಎಸೆಯುವನು, ಅದು ಎದುರಾಳಿಗೆ ತಾಗದೆ ಪಕ್ಕದಲ್ಲಿ ಹೋಗುವುದು: ಅದನ್ನು ಹೇಳುವ ಕ್ರಿಯಾಪದ ಇದೇ. ಎಂದರೆ ಗುರಿ ತಪ್ಪುವುದು.

ತಪ್ಪುವುದು! ಕನ್ನಡವು ಈ ಶಬ್ದವನ್ನು ನಮ್ಮ ಬಾಯಲ್ಲಿಯೇ ಇಟ್ಟಿರುವಾಗ ಸಂಸ್ಕೃತದ ಕಡೆಗೆ ಓಡಿದ್ದೇಕೆ? ಗುರಿ ತಪ್ಪಿತು, ದಾರಿ ತಪ್ಪಿದನು, ಕೈ ತಪ್ಪಿತು, ತಪ್ಪು ಮಾಡಿದನು. ಈಟಿಯ ಗುರಿಗೂ ಮನುಷ್ಯನ ನಡತೆಗೂ ಕನ್ನಡದಲ್ಲಿ ಒಂದೇ ಮಾತು, ಗ್ರೀಕಿನಲ್ಲಿರುವಂತೆಯೇ. ಹರಿಹರದ ನಿಲ್ದಾಣದಲ್ಲಿ ರೈಲು ತಪ್ಪಿದವನ ಶೀಲದಲ್ಲಿ ದೋಷವೇನೆಂದು ಯಾರಾದರೂ ವಿಚಾರಿಸುವರೆ? ಸಂಸ್ಕೃತವೇ ಬೇಕೆಂದರೆ ಅಲ್ಲಿಯೂ ಉಂಟು. ಆದರೆ ಅದು ದೋಷವಲ್ಲ, ಅಪರಾಧ. ಅಮರಕೋಶದ ಕ್ಷತ್ರಿಯವರ್ಗದಲ್ಲಿ ಬಾಣವು ಗುರಿ ತಪ್ಪಿದ ಬಿಲ್ಲುಗಾರನಿಗೆ 'ಅಪರಾದ್ಧಪೃಷತ್ಕ' ಎಂಬ ಹೆಸರನ್ನು ಕೊಟ್ಟಿದೆ. ಹತ್ತು ವರ್ಷದ ಹುಡುಗನಾಗಿ ಅದನ್ನು ಬಾಯಿಪಾಠ ಮಾಡಿದಾಗ ಅದು ಅರಿಸ್ಟಾಟಲನಿಗೆ ವ್ಯಾಖ್ಯಾನವಾದೀತೆಂದು ನನಗೆ ಹೇಗೆ ತಿಳಿಯಬೇಕು?

ಈ ದೋಷಾನ್ವೇಷಣೆಗೆ ಬಿ. ಎಂ. ಶ್ರೀಕಂಠಯ್ಯನವರ ಹೆಸರನ್ನು ಮುಂದೊಡ್ಡುವವರುಂಟು. ಉಪನ್ಯಾಸಕಾರರೂ ಹಾಗೆಯೇ ಮಾಡಿದರು. ಇದು ಅನ್ಯಾಯ. ಶ್ರೀಯವರು 1926ರಲ್ಲಿ ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಮಾಡಿದರು. 1929ರಲ್ಲಿ ಸೋಫೋಕ್ಲೀಸನ ಅಯಾಸನನ್ನು 'ಅಶ್ವತ್ಥಾಮನ್' ಆಗಿ ಹಳಗನ್ನಡಕ್ಕೆ ಇಳಿಸಿದರು. 1935ರಲ್ಲಿ ಈಸ್ಕಿಲಸನ 'ಪಾರಸಿಕರು' ಬಂದಿತು. ನಾಗಚಂದ್ರನ ರಾವಣನನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವನ್ನು ಬರೆದರು. ಅವರು ಶಬ್ದಕ್ಕೆ ಶಬ್ದವನ್ನು ಅಂಟಿಸಿದವರಲ್ಲ. ಅಯಾಸನ ಮನ್ಯುವನ್ನೂ ಮಾನಭಂಗವನ್ನೂ ತಾಳಬಲ್ಲ ಪುರುಷನು ನಮ್ಮ ಭಾರತದಲ್ಲಿ ಯಾರೆಂದು ಹುಡುಕಿ, ದ್ರೋಣಪುತ್ರನನ್ನು ಕಂಡರು. ಒಪ್ಪಬಹುದು, ಬಿಡಬಹುದು, ಚಿರಂಜೀವಿಯನ್ನು ಹಾಗೆ ನಡೆಸಿಕೊಂಡದ್ದು ನನ್ನಂಥ ಹಳಬರಿಗೆ ಇಂದಿಗೂ ಮುಳ್ಳಿನಂತೆ ಚುಚ್ಚುವುದು. ಆದರೆ ಅದು ಇಡೀ ಮನುಷ್ಯನನ್ನು ನೋಡಿದ ಕೆಲಸ. ಅವರ ಹಿಂದೆ ಬಂದವರು ಮನುಷ್ಯನನ್ನು ಬಿಟ್ಟು ಸೂತ್ರವನ್ನು ಮಾತ್ರ ಹಿಡಿದರು. ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದೂ ಹೆಸರುಂಟು; ರನ್ನನು ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು ಬರೆದನು. ಶಾಸ್ತ್ರದಂತೆ ನಾಯಕನು ಭೀಮನೇ. ಓದುವವನ ಎದೆಯು ದುರ್ಯೋಧನನ ಕಡೆಗೆ ಹೋಗುವುದೆಂಬುದೂ ನಿಜವೇ. ಈ ಎರಡು ನಿಜಗಳ ನಡುವೆ ನಿಂತು ಯೋಚಿಸುವುದನ್ನು ಬಿಟ್ಟು, ಛಲವು ದುರ್ಯೋಧನನ ದೋಷವೆಂದು ಬರೆದು ಐದು ಅಂಕಗಳನ್ನು ಪಡೆದರೆ ರನ್ನನನ್ನು ಓದಿದಂತಾಯಿತೆ?

ಆ ಹುಡುಗಿಗೆ ನಾನು ಹೇಳಿದುದಿಷ್ಟು. "ಕರ್ಣಪರ್ವವನ್ನು ತೆಗೆಯಮ್ಮ. ಸರ್ಪಾಸ್ತ್ರವು ಅರ್ಜುನನ ಕೊರಳಿಗೆ ಬರುತ್ತಿದೆ. ಕೃಷ್ಣನು ರಥವನ್ನು ನೆಲಕ್ಕೆ ಒತ್ತುವನು. ಬಾಣವು ಕಿರೀಟವನ್ನು ಮಾತ್ರ ಹಾರಿಸಿಕೊಂಡು ಹೋಗುವುದು. ಕರ್ಣನು ಗುರಿಯಿಟ್ಟುದರಲ್ಲಿ ಕೊರತೆಯಿತ್ತೆ?"

"ಇರಲಿಲ್ಲ, ಮೇಷ್ಟ್ರೆ."

"ಆದರೂ ತಪ್ಪಿತು. ಅರಿಸ್ಟಾಟಲನ ಮಾತು ನಿನಗೆ ಬೇಕಾದರೆ ಅಲ್ಲಿಂದ ಹೊರಡು. ಯಾವುದಕ್ಕೆ ಗುರಿಯಿಟ್ಟನು, ಗುರಿಯು ಹೇಗೆ ಸರಿಯಿತು, ಸರಿಸಿದವರು ಯಾರು ಎಂದು ಕೇಳು. ದಾನವನ್ನು ದೋಷವೆನ್ನಬೇಡ."

ಅವಳು ಟಿಪ್ಪಣಿಯ ಸಾಲನ್ನು ಸೀಸದಕಡ್ಡಿಯಿಂದ ಹೊಡೆದುಹಾಕಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರೆಯೆ, ಮೇಷ್ಟ್ರೆ?" ಎಂದು ಕೇಳಿದಳು. ಉಪನ್ಯಾಸಕಾರರು ಪದವಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವವರೆಂದು ಕೇಳಿರುವೆನು. ಅವಳ ಪ್ರಶ್ನೆಗೆ ಉತ್ತರವನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವರೇ ಬರೆಯಬೇಕೆಂದು ಪ್ರಾರ್ಥಿಸುವೆನು.